ಬೋರ್‌ವೆಲ್ ತಂತಿಯಲ್ಲಿ 33 ವೋಲ್ಟ್ ಕಳೆಯುತ್ತಿದೆ: ರೋಧ ಲೆಕ್ಕ ಹಾಕಿ ತಂತಿ ಬದಲಿಸಿದವರು ಅನುಭವ ತಿಳಿಸಿ

ತೋಟದಮನೆ: ಮೀಟರ್ ಬೋರ್ಡಿನಿಂದ ಬೋರ್‌ವೆಲ್ಲಿಗೆ 200 ಮೀಟರ್ ದೂರವಿದೆ, 2.5 ಸ್ಕ್ವೇರ್ ಎಂಎಂ ತಾಮ್ರದ ತಂತಿ ಎಳೆದಿದ್ದೇವೆ. ಒಂದೂವರೆ ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಓಡುವಾಗ ಬೋರ್ಡಿನಲ್ಲಿ 220 ವೋಲ್ಟ್, ಸ್ಟಾರ್ಟರಿನಲ್ಲಿ 187 ವೋಲ್ಟ್, ಕ್ಲಾಂಪ್ ಮೀಟರಿನಲ್ಲಿ 11 ಆಂಪ್ ಬರುತ್ತದೆ. ತಂತಿಯ ರೋಧ ಎಷ್ಟು, ಅದರಲ್ಲಿ ಎಷ್ಟು ವ್ಯಾಟ್ ಪೋಲಾಗುತ್ತಿದೆ, ತಂತಿ ಬದಲಿಸಬೇಕೋ ಅಥವಾ ಸ್ಟೆಬಿಲೈಸರ್ ಸಾಕೋ ಎಂಬುದನ್ನು ದಯವಿಟ್ಟು ತಿಳಿಸಿ.

ಮಲೆನಾಡ ಅಡಿಕೆ: ನಾನು ತಂತಿ ಬದಲಿಸಿದೆ, ಬದಲಿಸಿದ್ದು ಸರಿಯೆಂದು ಇಂದಿಗೂ ಹೇಳುತ್ತೇನೆ. ನಮ್ಮದು 180 ಮೀಟರ್, ಹೋಗಿ ಬರುವ ಎರಡು ಎಳೆ ಸೇರಿ 360. 6 ಸ್ಕ್ವೇರ್ ಎಂಎಂ ತಾಮ್ರಕ್ಕೆ ಅಂಗಡಿಯವರು 29,000 ರೂಪಾಯಿ ಹೇಳಿದರು. 10 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ತಂತಿಯ ರೋಧವೂ ಅಷ್ಟೇ, ಕಿಲೋಮೀಟರಿಗೆ 3.08 ಓಮ್, ಅದು 8,300ಕ್ಕೆ ಸಿಕ್ಕಿತು. ಪೈಪಿಗೆ 3,900, ಅಗೆತಕ್ಕೆ ಎರಡು ಆಳಿನ ಮೂರು ದಿನದ ಕೂಲಿ, ಊಟ ಬೇರೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಸ್ಟಾರ್ಟರಿನ ಹಿತ್ತಾಳೆ ಸ್ಕ್ರೂ ಬಳಿ ಅಲ್ಯೂಮಿನಿಯಂ ಬೂದಿಬಣ್ಣಕ್ಕೆ ತಿರುಗಿ, ಪಕ್ಕದ ಬೇಕಲೈಟ್ ಸುಟ್ಟು ಗುಳಿ ಬಿದ್ದಿತ್ತು. ಅಲ್ಯೂಮಿನಿಯಂ ತಂತಿಯನ್ನು ಹಿತ್ತಾಳೆಗೆ ನೇರವಾಗಿ ತಾಗದಂತೆ ಜೋಡಿಸುವ ಬೈಮೆಟಲ್ ಲಗ್ ಹಾಕಿಸಿದ ಮೇಲೆ ತೊಂದರೆಯಿಲ್ಲ. ಲಗ್ ಬೇಕೆಂದು ಕೆಲಸದವನು ಮೊದಲೇ ಹೇಳಬಹುದಿತ್ತು.

ಬಯಲುಸೀಮೆ ಬೋರ್: ಸ್ಟೆಬಿಲೈಸರ್ ಎಂಬ ಮಾತನ್ನೇ ಎತ್ತಬೇಡಿ. 9,500 ಕೊಟ್ಟು ತಂದು, ಮಾರಿದವರೇ ಹೇಳಿದಂತೆ ಮೋಟರಿನ ಬದಿಯಲ್ಲಿ ಕೂರಿಸಿದೆವು. ಅದು 180 ವೋಲ್ಟನ್ನು 220ಕ್ಕೆ ಏರಿಸಿತು, ನಿಜ. ಆದರೆ ಆ ಏರಿಕೆಗೆ ಬೇಕಾದ ಶಕ್ತಿಯನ್ನೂ ಅದೇ ಸಣ್ಣ ತಂತಿಯಿಂದಲೇ ಎಳೆಯಬೇಕಲ್ಲವೇ? ತಂತಿಯ ಕರೆಂಟು 10ರಿಂದ 12 ಆಂಪಿಗೆ ಏರಿತು. ಕಾವು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅಲ್ಲಿಯ ನಷ್ಟ ನೂರಕ್ಕೆ 44ರಷ್ಟು ಹೆಚ್ಚಾಯಿತು. ಸಂಜೆ ಲೈನಿನಲ್ಲೇ ವೋಲ್ಟೇಜ್ ಬಿದ್ದಾಗ ಸ್ಟೆಬಿಲೈಸರಿನ ರಿಲೇ ಟಕಟಕ ಬಡಿದುಕೊಂಡು ಕೊನೆಗೆ ಮೋಟರಿನ ವೈಂಡಿಂಗ್ ಹೋಯಿತು. ರೀವೈಂಡಿಂಗ್ 5,200, ನಾನ್ನೂರು ಅಡಿಯಿಂದ ಪೈಪು ಎತ್ತಿ ಇಳಿಸಲು 4,500, ಕೆಪಾಸಿಟರ್ 650. ಟೊಮೇಟೊ ಒಣಗಿದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಹಳೇ ವೈಂಡರ್: ಇಷ್ಟೆಲ್ಲ ಪುರಾಣ ಯಾಕೆ? 33 ವೋಲ್ಟನ್ನು 11 ಆಂಪಿನಿಂದ ಭಾಗಿಸಿದರೆ 3 ಓಮ್. 33ನ್ನು 11ರಿಂದ ಗುಣಿಸಿದರೆ 363 ವ್ಯಾಟ್ ನಷ್ಟ. ಪಂಪ್‌ಸೆಟ್ಟಿಗೆ 10 ಎಚ್‌ಪಿವರೆಗೆ ಸರ್ಕಾರವೇ ಉಚಿತ ಕರೆಂಟು ಕೊಡುತ್ತಿರುವಾಗ, ಈ 363 ವ್ಯಾಟ್ ಉಳಿಸಲು ಸಾವಿರಾರು ರೂಪಾಯಿ ಮಣ್ಣಿಗೆ ಹೂಳುವವರ ಬುದ್ಧಿಯನ್ನು ಮೆಚ್ಚಬೇಕು.

ಮಲೆನಾಡ ಅಡಿಕೆ: ವೈಂಡರ್ ಮಹಾಶಯರೇ, ಕಡಿಮೆ ವೋಲ್ಟೇಜಿನಲ್ಲಿ ಮೋಟರ್ ಸುಟ್ಟಷ್ಟೂ ತಮ್ಮ ಅಂಗಡಿಗೆ ಲಾಭ ಎಂಬುದು ನಮಗೂ ಅರ್ಥವಾಗುತ್ತದೆ. ನಾನು ಹಣ ಹೂಳಿದ್ದು ಬಿಲ್ಲು ಉಳಿಸಲಿಕ್ಕಲ್ಲ, ಮೋಟರ್ ಉಳಿಸಲಿಕ್ಕೆ.

ಕೆಂಪುದೀಪ: ವೈಂಡರ್ ಅವರ ಭಾಗಾಕಾರ ಗೀಸರಿಗಾದರೆ ಸರಿ, ಮೋಟರಿಗೆ ಸಲ್ಲದು. ಮೋಟರಿನಲ್ಲಿ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ನನ್ನ ಮೋಟರಿಗೆ 218 ವೋಲ್ಟ್, 10.5 ಆಂಪ್, ಗುಣಿಸಿದರೆ 2,289. ಆದರೆ ಯೂನಿಟ್ಟಿಗೆ 3,200 ಸಲ ಮಿನುಗುವ ಮೀಟರಿನ ಕೆಂಪು ದೀಪ 100 ಮಿನುಗಿಗೆ 62 ಸೆಕೆಂಡು ತೆಗೆದುಕೊಂಡಿತು, ಅಂದರೆ ನಿಜವಾದ ಶಕ್ತಿ ಸುಮಾರು 1,815 ವ್ಯಾಟ್, ಇದನ್ನು 2,289ರಿಂದ ಭಾಗಿಸಿದರೆ ಸಿಗುವ ಪವರ್ ಫ್ಯಾಕ್ಟರ್ 0.79. ಎರಡು ತುದಿಯ ವೋಲ್ಟೇಜುಗಳನ್ನು ಬರಿದೇ ಕಳೆದಾಗ ಸಿಗುವುದು, ಹೆಚ್ಚು ಕಡಿಮೆ, ಕರೆಂಟು, ರೋಧ ಮತ್ತು ಈ ಫ್ಯಾಕ್ಟರ್ ಮೂರರ ಗುಣಲಬ್ಧ. ಪ್ರಶ್ನೆ ಕೇಳಿದವರ ಮೋಟರಿಗೆ ಅದನ್ನು 0.8 ಎಂದು ಹಿಡಿದರೆ ರೋಧ 3 ಅಲ್ಲ, ಸುಮಾರು 3.75 ಓಮ್, ನಷ್ಟ 363 ಅಲ್ಲ, ಸುಮಾರು 450 ವ್ಯಾಟ್. 2.5ರ ಒಳ್ಳೆಯ ತಾಮ್ರ 400 ಮೀಟರಿಗೆ 2.96 ಓಮ್ ಇರಬೇಕು, ಬಿಸಿಯಾದರೂ 3.2 ದಾಟಬಾರದು. ಉಳಿದ ಅರ್ಧ ಓಮ್ ಯಾವುದೋ ಜಾಯಿಂಟಿನಲ್ಲಿ ಕೂತಿದ್ದರೆ ಅಲ್ಲೊಂದರಲ್ಲೇ 60 ವ್ಯಾಟ್ ಕಾವು ಹುಟ್ಟುತ್ತಿದೆ, ಟೇಪು ಕರಗಲು ಅದು ಧಾರಾಳವಾಯಿತು.

ಹಳೇ ವೈಂಡರ್: ಮೂವತ್ತು ವರ್ಷದಿಂದ ಮೋಟರ್ ಬಿಚ್ಚುತ್ತಿರುವವನಿಗೆ ದೀಪ ಎಣಿಸುವವರು ಪಾಠ ಹೇಳುವ ಕಾಲ ಬಂತು. ಆ 0.8 ತಾವೇ ಊಹಿಸಿದ್ದಲ್ಲವೇ?

ಗದ್ದೆಬದಿ: ಊಹೆಯೇ ಬೇಡದ ದಾರಿಯಿದೆ. ಮೇನ್ ತೆಗೆದು, ಎರಡೂ ತುದಿಗಳನ್ನು ಬೋರ್ಡಿನಿಂದ ಮತ್ತು ಸ್ಟಾರ್ಟರಿನಿಂದ ಪೂರ್ತಿ ಬಿಡಿಸಿ, ದೂರದ ತುದಿಯಲ್ಲಿ ಎರಡು ಎಳೆಗಳನ್ನೂ ಬಿಗಿಯಾಗಿ ಜೋಡಿಸಿದೆ. ಈಚೆ ತುದಿಗೆ ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯನ್ನು 55 ವ್ಯಾಟಿನ ಹೆಡ್‌ಲೈಟ್ ಬಲ್ಬಿನ ಮೂಲಕ ಕೊಟ್ಟೆ. ತಂತಿಯ ಮೇಲೆ 7.4 ವೋಲ್ಟ್, ಹರಿದದ್ದು 2.3 ಆಂಪ್, ಹಾಗಾಗಿ ರೋಧ 3.2 ಓಮ್. ಬ್ಯಾಟರಿಯಾದ್ದರಿಂದ ಪವರ್ ಫ್ಯಾಕ್ಟರಿನ ಜಗಳವೇ ಇಲ್ಲ. ಎರಡು ಎಳೆ ಸೇರಿ ನಮ್ಮ 300 ಮೀಟರ್ 2.5ರ ತಾಮ್ರಕ್ಕೆ ಇರಬೇಕಾದದ್ದು 2.2. ದಾರಿಯಲ್ಲಿ ಒಂದೂ ಜಾಯಿಂಟಿರಲಿಲ್ಲ! ತಂತಿಯ ಸಿಪ್ಪೆ ಸುಲಿದು ಚಾಕುವಿನಿಂದ ಕೆರೆದಾಗ ತಾಮ್ರದ ಬಣ್ಣದಡಿ ಬೆಳ್ಳಗಿನ ಲೋಹ ಕಂಡಿತು, ತಂತಿ ಪೂರ್ತಿ ತಾಮ್ರವಾಗಿರಲೇ ಇಲ್ಲ. ಅಂಗಡಿಯವರು ಬಿಲ್ಲಿಲ್ಲದೆ ವಾಪಸು ಪಡೆಯಲು ಒಪ್ಪಲಿಲ್ಲ. 7,800 ರೂಪಾಯಿ ಹೋಯಿತು.

ಬಯಲುಸೀಮೆ ಬೋರ್: ಬಿಲ್ಲಿದ್ದರೂ ಪಡೆಯುವುದಿಲ್ಲ, ನನ್ನ ಸ್ಟೆಬಿಲೈಸರಿಗೆ ಬಿಲ್ಲೂ ಇತ್ತು, ವಾರಂಟಿಯೂ ಇತ್ತು.

ತೋಟದಮನೆ: ಎಲ್ಲರಿಗೂ ಧನ್ಯವಾದಗಳು. ನಮ್ಮಲ್ಲಿ ಎರಡು ಜಾಯಿಂಟುಗಳಿವೆ, ಎರಡೂ ಬರಿ ಟೇಪು ಸುತ್ತಿದವು. ನಾಳೆ ಮೇನ್ ತೆಗೆದು ಬಿಚ್ಚಿ ನೋಡಿ, ಬ್ಯಾಟರಿ ಅಳತೆಯನ್ನೂ ಮಾಡಿ ತಿಳಿಸುತ್ತೇನೆ.

ಹಳೇ ವೈಂಡರ್: ಬ್ಯಾಟರಿ ಹಿಡಿದುಕೊಂಡು ಓಡಾಡಿ. ಮೋಟರ್ ಸುಟ್ಟ ಮೇಲೆ ಬನ್ನಿ.