ಎಫ್‌ಎಂನಲ್ಲಿ ಬ್ಯಾಂಡ್‌ವಿಡ್ತ್ ಇಳಿಸಿದರೆ ದನಿ ಒಡೆಯುವುದೇಕೆ?

ಚನ್ನಪಟ್ಟಣದ ಕೇಳುಗ:
ಸಂಜೆ ಮೈಸೂರು ಆಕಾಶವಾಣಿ (100.6 ಮೆಗಾಹರ್ಟ್ಸ್) ಕೇಳುವುದು ನಮ್ಮ ಮನೆಯಲ್ಲಿ ತಂದೆಯ ಕಾಲದಿಂದ ಬಂದ ರೂಢಿ. ಈಚೆಗೆ ಟಿಇಎಫ್6686 ಚಿಪ್ ಇರುವ ಪುಟ್ಟ ರೇಡಿಯೊ ಕೊಂಡಿದ್ದೇನೆ. ಅದರ ಬ್ಯಾಂಡ್‌ವಿಡ್ತನ್ನು (ರೇಡಿಯೊ ಒಳಬಿಡುವ ಆವರ್ತನಗಳ ಅಗಲ) 56ರಿಂದ 311 ಕಿಲೋಹರ್ಟ್ಸ್‌ವರೆಗೆ ನಾವೇ ಆರಿಸಿಕೊಳ್ಳಬಹುದು. 311ರಲ್ಲಿ ಸುಯ್ಯೆನ್ನುವ ಸದ್ದೇ ಹೆಚ್ಚು. 56ಕ್ಕೆ ತಂದರೆ ಸದ್ದು ತಗ್ಗುತ್ತದೆ, ಆದರೆ ಗಾಯಕರು ಮೇಲಕ್ಕೇರಿದಾಗ ದನಿ ಒಡೆಯುತ್ತದೆ. ಅಗಲ ಹೆಚ್ಚಿದಷ್ಟೂ ಎಫ್‌ಎಂ ಚೆನ್ನ ಎಂದು ಓದಿದ್ದೆನಲ್ಲ? ಬೆಂಗಳೂರಿನ 101.3 ಕೇಂದ್ರ ಅಡ್ಡ ಬರುತ್ತಿದೆಯೇ?

ನಿವೃತ್ತ ಪ್ರಸಾರ ಎಂಜಿನಿಯರ್:
101.3ರ ಮೇಲೆ ಗುಮಾನಿ ಬೇಡ. ಅದು 700 ಕಿಲೋಹರ್ಟ್ಸ್ ಆಚೆ ಇದೆ, 311ರ ಕಿಂಡಿಯೊಳಗೂ ಬರುವುದಿಲ್ಲ.

ನೀವು ಓದಿದ್ದು ಪ್ರಸಾರದ ಕಡೆಯ ಮಾತು. ದನಿಯ ಜೋರಿಗೆ ತಕ್ಕಂತೆ ಆವರ್ತನವನ್ನು ಅಗಲವಾಗಿ ಆಡಿಸಿದಷ್ಟೂ ಗದ್ದಲ ಹಿಂದೆ ಸರಿಯುತ್ತದೆ ಎಂಬುದನ್ನು ಅಮೆರಿಕದ ಎಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1930ರ ದಶಕದಲ್ಲಿ ಮಾಡಿಯೇ ತೋರಿಸಿದರು. ನಮ್ಮ ರೇಡಿಯೊದ ಕಿಂಡಿಯ ಲೆಕ್ಕ ಬೇರೆ. ಬಂದ ತರಂಗ ಹಿಡಿಸುವಷ್ಟು ಅಗಲ ಸಾಕು, ಮಿಕ್ಕ ಜಾಗದಲ್ಲಿ ನುಗ್ಗುವುದು ಬರೀ ಗದ್ದಲ.

ಎಷ್ಟು ಬೇಕು? ಎಫ್‌ಎಂ ತರಂಗಕ್ಕೆ ಬೇಕಾದ ಅಗಲವನ್ನು ಅಂದಾಜು ಮಾಡುವ ಕಾರ್ಸನ್ ಸೂತ್ರ ಹಾಕಿ ನೋಡಿ. ಆವರ್ತನ ಅತ್ತಿತ್ತ ಸರಿಯುವ ಮಿತಿ 75 ಕಿಲೋಹರ್ಟ್ಸ್, ದನಿಯ ಆವರ್ತನದ ಮಿತಿ 15. ಕೂಡಿಸಿ ಎರಡರಿಂದ ಗುಣಿಸಿದರೆ 180. ನಿಮ್ಮ 56ರಲ್ಲಿ ನಡುವಿನಿಂದ ಆಚೆಗೆ 28, ಈಚೆಗೆ 28 ಅಷ್ಟೇ. ಜೋರು ದನಿ 75ರತ್ತ ಸರಿದಾಗ ಅಂಚು ಕತ್ತರಿಸಿ ಹೋಗುತ್ತದೆ. ಹಾಗಾಗಿ ಗಾಯಕರ ಸ್ವರ ಒಡೆಯುವುದು ಮುಖ್ಯವಾಗಿ ಅದು ಎತ್ತರಕ್ಕೆ ಏರಿದ್ದರಿಂದಲ್ಲ, ಜೋರಾದದ್ದರಿಂದ.

ಆದರೂ ಕಿರಿದು ಮಾಡುವುದರಲ್ಲಿ ಲಾಭವಿದೆ. ಅಗಲ ಅರ್ಧವಾದರೆ ಒಳಬರುವ ಗದ್ದಲದ ಶಕ್ತಿಯೂ ಅರ್ಧ, ಅಂದರೆ 3 ಡೆಸಿಬೆಲ್ ಉಳಿತಾಯ. ವಾಹಕ ತರಂಗ (ದನಿಯನ್ನು ಹೊತ್ತು ತರುವ ಅಲೆ) ಗದ್ದಲಕ್ಕಿಂತ ಸುಮಾರು 10 ಡೆಸಿಬೆಲ್ ಮೇಲಿರುವ ತನಕ ಎಫ್‌ಎಂ ಶುಭ್ರ, ಕೆಳಗಿಳಿದರೆ ಥಟ್ಟನೆ ಕೆಡುತ್ತದೆ. ಆ ಗಡಿಯಲ್ಲಿ ತೂಗಾಡುವ ಕೇಂದ್ರಕ್ಕೆ 3 ಡೆಸಿಬೆಲ್ ದೊಡ್ಡದು. 133 ಅಥವಾ 151 ಇಟ್ಟು ನೋಡಿ.

ಹಾಸನದ ಹವ್ಯಾಸಿ:
ಅದಕ್ಕೂ ಮೊದಲು ಸ್ಟೀರಿಯೊ (ಎಡಬಲಕ್ಕೆ ಬೇರೆ ಬೇರೆ ದನಿ) ನಿಲ್ಲಿಸಿ, ಮೊನೊ (ಎರಡಕ್ಕೂ ಒಂದೇ ದನಿ) ಮಾಡಿ. ಎಡಬಲಗಳ ವ್ಯತ್ಯಾಸವನ್ನು 23ರಿಂದ 53 ಕಿಲೋಹರ್ಟ್ಸ್ ನಡುವೆ ಕಳಿಸುತ್ತಾರೆ. ಎಫ್‌ಎಂನಲ್ಲಿ ಮೇಲೆ ಹೋದಂತೆ ಗದ್ದಲ ಬೆಳೆಯುವುದರಿಂದ ಸ್ಟೀರಿಯೊದಲ್ಲಿ ಅದು 20 ಡೆಸಿಬೆಲ್‌ನಷ್ಟು ಹೆಚ್ಚಾಗಿ ಕೇಳಿಸುತ್ತದೆ. ದುರ್ಬಲ ಕೇಂದ್ರಕ್ಕೆ ಮೊನೊ ಕೊಡುವ ನೆಮ್ಮದಿಯನ್ನು ಯಾವ ಫಿಲ್ಟರೂ ಕೊಡದು.

ಚನ್ನಪಟ್ಟಣದ ಕೇಳುಗ:
ಮೊನೊ, 133. ಸುಯ್ ಸದ್ದು ಬಹುಪಾಲು ಹೋಯಿತು, ವೀಣೆಯ ಮೀಟು ಬಿಡಿಬಿಡಿಯಾಗಿ ಕೇಳುತ್ತಿದೆ. ತೀರಾ ಜೋರಾದಾಗ ಮಾತ್ರ ಕೊಂಚ ಒರಟು. ಸುಯ್ ಸದ್ದು ಮರಳದಂತೆ 168ಕ್ಕೆ ಏರಿಸಲು ದಾರಿಯಿದೆಯೇ?

ನಿವೃತ್ತ ಪ್ರಸಾರ ಎಂಜಿನಿಯರ್:
ಇದೆ, ತಾರಸಿಯ ಮೇಲೆ. ಮೂರು ಕಡ್ಡಿಯ ಯಾಗಿ ಆಂಟೆನಾ (ಒಂದೇ ದಿಕ್ಕಿನಿಂದ ಹೆಚ್ಚು ಹಿಡಿಯುವಂಥದ್ದು) ಕಟ್ಟಿ ನೈರುತ್ಯಕ್ಕೆ ತಿರುಗಿಸಿ. ಮೈಸೂರಿನ ತರಂಗ ಬಲವಾಗುತ್ತದೆ, ಬೆಂಗಳೂರು ಅದರ ಬೆನ್ನಿಗೆ ಬೀಳುತ್ತದೆ. ಆಮೇಲೆ 168 ಇಟ್ಟು ಕೇಳಿ ತಿಳಿಸಿ.