ಎಚ್‌ಆರ್ (ಮಾನವ ಸಂಪನ್ಮೂಲ) ಪದ್ಧತಿಗಳಿಂದ ಸಂಸ್ಥೆಯ ಸಾಧನೆ ಹೆಚ್ಚಿದೆಯೇ ಎಂದು ಅಳೆಯುವುದು ಹೇಗೆ?

ಶಾಖಾಲೆಕ್ಕ:
24 ಶಾಖೆ, ಸುಮಾರು 600 ನೌಕರರಿರುವ ಸೇವಾ ಸಂಸ್ಥೆ. ನೇಮಕಾತಿ, ತರಬೇತಿ, ಅಪ್ರೈಸಲ್ (ಕೆಲಸದ ಮೌಲ್ಯಮಾಪನ), ಇನ್ಸೆಂಟಿವ್ (ಸಾಧನೆಗೆ ಕೊಡುವ ಹೆಚ್ಚುವರಿ ಹಣ) ನಾಲ್ಕಕ್ಕೂ ಲಿಖಿತ ನೀತಿಯಿದೆ, ಎಲ್ಲ ಶಾಖೆಗಳಿಗೂ ಒಂದೇ. ಇವುಗಳಿಂದ ಸಂಸ್ಥೆಗೆ ಏನು ಸಿಕ್ಕಿತು ಎಂದು ಆಡಳಿತ ಮಂಡಳಿ ಕೇಳುತ್ತಿದೆ. 5 ಅಂಕಗಳ ಮಾಪಕದಲ್ಲಿ 40 ಪ್ರಶ್ನೆಗಳ ಸರ್ವೆ ಸಿದ್ಧವಾಗಿದೆ. ಎಚ್‌ಆರ್ ಪದ್ಧತಿಗೂ ಶಾಖೆಯ ಸಾಧನೆಗೂ ನೌಕರರೇ ಅಂಕ ಕೊಡುತ್ತಾರೆ. ಪ್ರಾಯೋಗಿಕವಾಗಿ 50 ಜನರಿಗೆ ಕೊಟ್ಟಾಗ ಎರಡರ ನಡುವೆ 0.62 ಸಹಸಂಬಂಧ (ಎರಡು ಅಂಕಿ ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ; 0 ಎಂದರೆ ಇಲ್ಲ, 1 ಎಂದರೆ ಪೂರ್ತಿ) ಬಂತು. ಮಂಡಳಿಯ ಮುಂದಿಡಲು ಇದು ಸಾಕೇ? ಒಂದೇ ವಿಷಯಕ್ಕೆ ಹಣವಿದ್ದರೆ ಮೊದಲು ಯಾವುದಕ್ಕೆ ಹಾಕಬೇಕು?

ಅಳತೆಗೋಲು:
ಆ 0.62 ಅನ್ನು ಮಂಡಳಿಯ ಮುಂದೆ ಇಡಬೇಡಿ. ಒಬ್ಬನೇ ವ್ಯಕ್ತಿ, ಒಂದೇ ಹಾಳೆ, ಒಂದೇ ಹೊತ್ತು. ಕೆಲಸದ ಬಗ್ಗೆ ಸಮಾಧಾನವಿದ್ದವರು ಎರಡಕ್ಕೂ 4 ಹಾಕುತ್ತಾರೆ, ಬೇಸರದಲ್ಲಿರುವವರು ಎರಡಕ್ಕೂ 2 ಹಾಕುತ್ತಾರೆ. ನೀವು ಅಳೆದಿರುವುದರಲ್ಲಿ ದೊಡ್ಡ ಪಾಲು ಅವರ ಮನಸ್ಥಿತಿಯೇ.

ಸಾಧನೆಯನ್ನು ದಾಖಲೆಗಳಿಂದ ತೆಗೆದುಕೊಳ್ಳಿ: ತಲಾ ಆದಾಯ, ಗ್ರಾಹಕರ ದೂರು, ಮತ್ತೆ ಮಾಡಬೇಕಾಗಿ ಬಂದ ಕೆಲಸ, ಗೈರುಹಾಜರಿ, ಅಟ್ರಿಷನ್. ಅಟ್ರಿಷನ್ ಎಂದರೆ ವರ್ಷದಲ್ಲಿ ಬಿಟ್ಟುಹೋದವರ ಸಂಖ್ಯೆಯನ್ನು ಆ ವರ್ಷದ ಸರಾಸರಿ ನೌಕರರ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿದ್ದು. ಅದನ್ನು ಒಂದೇ ಅಂಕಿಯಾಗಿ ಬಿಡಬೇಡಿ. ನಿವೃತ್ತಿ, ವಜಾ, ಸ್ವಂತ ರಾಜೀನಾಮೆ ಬೇರೆ ಬೇರೆ ಇರಲಿ. ಸೇರಿದ 90 ದಿನದೊಳಗೆ ಹೋದವರನ್ನೂ ಪ್ರತ್ಯೇಕಿಸಿ. ಅವರು ಹೋಗಿದ್ದಕ್ಕೆ ಕಾರಣ ಹೆಚ್ಚಾಗಿ ನೇಮಕಾತಿಯಲ್ಲಿ ಸಿಗುತ್ತದೆ, ಮೂರು ವರ್ಷ ಇದ್ದು ಹೋದವರದ್ದು ಬಡ್ತಿಯಲ್ಲೋ ಸಂಬಳದಲ್ಲೋ ಮ್ಯಾನೇಜರ್‌ನಲ್ಲೋ ಇರುತ್ತದೆ.

ಇನ್ನು ಕಾಲದ ವಿಷಯ. ಲಾಭ ಮಾಡುವ ಶಾಖೆಗೆ ತರಬೇತಿಗೆ ಹಣವೂ ಇರುತ್ತದೆ, ಬಿಡುವೂ ಇರುತ್ತದೆ. ಹಾಗಾಗಿ ತರಬೇತಿಯಿಂದ ಲಾಭವೋ ಲಾಭದಿಂದ ತರಬೇತಿಯೋ ಎಂಬುದು ಒಂದು ಸಲದ ಸರ್ವೆಯಿಂದ ಗೊತ್ತಾಗುವುದಿಲ್ಲ. ಕಳೆದ ವರ್ಷದ ಸಾಧನೆ, ಈಗಿನ ಪದ್ಧತಿ, ಮುಂದಿನ ಎರಡು ಅರ್ಧವಾರ್ಷಿಕಗಳ ಸಾಧನೆ, ಈ ಮೂರೂ ಬೇಕು. ಕಳೆದ ವರ್ಷದ ಸಾಧನೆಯನ್ನು ಲೆಕ್ಕಕ್ಕೆ ಸೇರಿಸಿದ ಮೇಲೂ ಸಂಬಂಧ ಉಳಿದರೆ ಮಾತ್ರ ಮುಂದಿನ ಮಾತು.

ಇನ್ನೊಂದು ಎಚ್ಚರಿಕೆ. ಶಾಖೆಯ ಸಾಧನೆಯನ್ನು ಹೋಲಿಸುವಾಗ ನಿಮ್ಮ ಮಾದರಿಯ ಗಾತ್ರ 600 ಅಲ್ಲ, 24. 24 ಘಟಕಗಳಿದ್ದಾಗ ಸಹಸಂಬಂಧ ಸುಮಾರು 0.40 ದಾಟದಿದ್ದರೆ 5% ಮಟ್ಟದಲ್ಲಿ (ಸಂಬಂಧವೇ ಇಲ್ಲದಿದ್ದರೂ ಅಷ್ಟು ಬರುವ ಸಾಧ್ಯತೆ ನೂರಕ್ಕೆ ಐದು) ಅದನ್ನು ಆಕಸ್ಮಿಕದಿಂದ ಬೇರ್ಪಡಿಸಲಾಗದು. ನಾಲ್ಕು ಪದ್ಧತಿ, ಶಾಖೆಯ ಗಾತ್ರ, ವಯಸ್ಸು ಎಲ್ಲವನ್ನೂ ಒಂದೇ ರಿಗ್ರೆಷನ್‌ಗೆ (ಹಲವು ಅಂಶಗಳ ಪ್ರಭಾವವನ್ನು ಬೇರ್ಪಡಿಸುವ ಲೆಕ್ಕಕ್ಕೆ) ತುಂಬಿದರೆ ಬರುವ ಅಂಕಿಗಳಿಗೆ ಅರ್ಥವಿರುವುದಿಲ್ಲ.

ಕೆಳಮಟ್ಟದಿಂದ:
ಮೇಲಿನ ಉತ್ತರ ಸಾಧನೆಯ ಕಡೆಯದ್ದು. ಪದ್ಧತಿಯ ಕಡೆಯೂ ಸರ್ವೆ ತಿದ್ದಬೇಕು. ನೀತಿ ಎಲ್ಲೆಡೆ ಒಂದೇ ಎಂದರೆ ಶಾಖೆಗಳ ನಡುವಿನ ವ್ಯತ್ಯಾಸ ನೀತಿಯಿಂದ ಬರಲಾರದು. ಅದು ಬರುವುದು ಮ್ಯಾನೇಜರ್ ಅದನ್ನು ಹೇಗೆ ನಡೆಸುತ್ತಾರೆ ಎಂಬುದರಿಂದ. ಆದ್ದರಿಂದ ನೌಕರನಿಗೆ ತಲುಪಿದ್ದೇನು ಎಂದು ಕೇಳಿ.

"ನಮ್ಮ ಸಂಸ್ಥೆಯಲ್ಲಿ ಉತ್ತಮ ಅಪ್ರೈಸಲ್ ವ್ಯವಸ್ಥೆ ಇದೆ" ಎಂಬ ವಾಕ್ಯಕ್ಕೆ ಅಂಕ ಕೇಳಿದರೆ ಅಭಿಪ್ರಾಯ ಸಿಗುತ್ತದೆ. "ಕಳೆದ 6 ತಿಂಗಳಲ್ಲಿ ನೀವು ಮಾಡಿದ ಒಂದು ನಿರ್ದಿಷ್ಟ ಕೆಲಸವನ್ನು ಹೆಸರಿಸಿ ಮ್ಯಾನೇಜರ್ ನಿಮ್ಮೊಡನೆ ಎಷ್ಟು ಸಲ ಮಾತಾಡಿದರು?" ಎಂದು ಕೇಳಿದರೆ ಎಣಿಸಬಹುದಾದ ಸಂಗತಿ ಸಿಗುತ್ತದೆ. ತರಬೇತಿಗೂ ಹಾಗೆಯೇ: 12 ತಿಂಗಳಲ್ಲಿ ಎಷ್ಟು ಗಂಟೆ, ಕಲಿತದ್ದನ್ನು 30 ದಿನದೊಳಗೆ ಕೆಲಸದಲ್ಲಿ ಬಳಸಲು ಅವಕಾಶ ಸಿಕ್ಕಿತೇ. ಹೀಗೆ ಬರೆದರೆ 40 ಪ್ರಶ್ನೆ 15ಕ್ಕೆ ಇಳಿಯುತ್ತವೆ.

ಉತ್ತರ ಬಂದ ಮೇಲೆ ಸೀದಾ ಸರಾಸರಿ ತೆಗೆಯಬೇಡಿ. ಒಂದೇ ಶಾಖೆಯ 25 ಜನರಲ್ಲಿ ಅರ್ಧ ಜನ "ಐದು ಸಲ" ಎಂದು, ಉಳಿದರ್ಧ "ಒಮ್ಮೆಯೂ ಇಲ್ಲ" ಎಂದು ಬರೆದಿದ್ದರೆ ಸರಾಸರಿ ಯಾರ ಅನುಭವವನ್ನೂ ಹೇಳುವುದಿಲ್ಲ. ಅಲ್ಲಿ ಮ್ಯಾನೇಜರ್ ಕೆಲವರನ್ನಷ್ಟೇ ನೋಡಿಕೊಳ್ಳುತ್ತಿದ್ದಾರೆ, ಅದೇ ನಿಮಗೆ ಬೇಕಾದ ಮಾಹಿತಿ.

ಅಪ್ರೈಸಲ್ ಅಂಕಗಳ ಹಂಚಿಕೆಯನ್ನೂ ಒಮ್ಮೆ ತೆಗೆದು ನೋಡಿ. ಹತ್ತರಲ್ಲಿ ಒಂಬತ್ತು ಜನರಿಗೆ 4 ಬಿದ್ದಿದ್ದರೆ ಅದರ ಮೇಲೆ ಕೊಡುವ ಇನ್ಸೆಂಟಿವ್ ಹೆಸರಿಗಷ್ಟೇ ಇನ್ಸೆಂಟಿವ್, ನಡೆಯುವುದು ಸಂಬಳದ ಹಾಗೆ.

ಹೊಂದಾಣಿಕೆ:
"ಮೊದಲು ಯಾವುದು" ಎಂಬ ಪ್ರಶ್ನೆಗೆ ನನ್ನ ಉತ್ತರ: ಒಂದನ್ನೇ ಎತ್ತಿಕೊಂಡರೆ ಫಲ ಕಾಣುವುದು ಕಷ್ಟ. ಅಮೆರಿಕದ 17 ಕಂಪನಿಗಳ 36 ಉಕ್ಕು ಸಂಸ್ಕರಣಾ ಲೈನ್‌ಗಳ ಮೇಲಿನ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಜಾಗರೂಕ ನೇಮಕಾತಿ, ತರಬೇತಿ, ತಂಡದ ಕೆಲಸ, ಇನ್ಸೆಂಟಿವ್ ಎಲ್ಲ ಒಟ್ಟಿಗಿದ್ದಲ್ಲಿ ಉತ್ಪಾದಕತೆ ಸ್ಪಷ್ಟವಾಗಿ ಹೆಚ್ಚಿತ್ತು. ಬಿಡಿಬಿಡಿಯಾಗಿ ಒಂದೊಂದನ್ನೇ ತಂದಲ್ಲಿ ಪರಿಣಾಮ ನಗಣ್ಯ. ಕಾರಣ ಸರಳ: ಸಾಮರ್ಥ್ಯ, ಪ್ರೇರಣೆ, ಅವಕಾಶ ಮೂರೂ ಬೇಕು. ದೂರು ಬಗೆಹರಿಸಲು ತರಬೇತಿ ಕೊಟ್ಟು, ಸಣ್ಣ ಮೊತ್ತ ಹಿಂದಿರುಗಿಸಲೂ ಮೇಲಿನವರ ಸಹಿ ಕಾಯಬೇಕು ಎಂದರೆ ಆ ತರಬೇತಿಯ ಖರ್ಚು ವ್ಯರ್ಥ.

ಇನ್ಸೆಂಟಿವ್ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು. ಕಾರಿನ ಗಾಜು ಅಳವಡಿಸುವ ಅಮೆರಿಕದ ಸೇಫ್‌ಲೈಟ್ ಕಂಪನಿ ಗಂಟೆ ಲೆಕ್ಕದ ಕೂಲಿಯಿಂದ ಗಾಜಿನ ಲೆಕ್ಕದ ಕೂಲಿಗೆ ಬದಲಾದಾಗ ತಲಾ ಉತ್ಪಾದನೆ 44% ಏರಿತು. ಅದರಲ್ಲಿ ಸುಮಾರು ಅರ್ಧ ಮಾತ್ರ ಅದೇ ಜನ ಹೆಚ್ಚು ದುಡಿದದ್ದರಿಂದ ಬಂದದ್ದು. ಉಳಿದದ್ದರಲ್ಲಿ ಬಹುಪಾಲು, ಚುರುಕಿನವರು ಬಂದು ನಿಂತದ್ದರಿಂದ. ಅಲ್ಲಿ ಒಬ್ಬ ಒಂದು ಗಾಜು ಹಾಕುತ್ತಾನೆ, ಸರಿಯಿಲ್ಲದಿದ್ದರೆ ಯಾರು ಹಾಕಿದ್ದೆಂದು ಗೊತ್ತಾಗುತ್ತದೆ. ಕೈಯಿಂದ ಕೈಗೆ ದಾಟುವ ಕೆಲಸದಲ್ಲಿ ವೈಯಕ್ತಿಕ ಗುರಿ ಇಟ್ಟರೆ ಜನ ಮಾಹಿತಿ ಮುಚ್ಚಿಡುತ್ತಾರೆ, ಹೊಸಬರಿಗೆ ಹೇಳಿಕೊಡುವುದನ್ನು ಬಿಡುತ್ತಾರೆ.

ಒಂದರಿಂದಲೇ ಶುರು ಮಾಡಬೇಕೆಂದರೆ ಸಂದರ್ಶನ ತಿದ್ದಿ, ಖರ್ಚು ಕಡಿಮೆ. ಹುದ್ದೆಗೆ ನಿಜವಾಗಿ ಬೇಕಾದ 5 ಕೌಶಲ ಗುರುತಿಸಿ, ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆ ಅದೇ ಕ್ರಮದಲ್ಲಿ ಕೇಳಿ. 1, 3, 5 ಅಂಕಕ್ಕೆ ಎಂಥ ಉತ್ತರ ಎಂದು ಮೊದಲೇ ಬರೆದಿಡಿ. ಸಂದರ್ಶಕರು ಪರಸ್ಪರ ಚರ್ಚಿಸುವ ಮೊದಲೇ ಅಂಕ ಬರೆಯಲಿ, ಇಲ್ಲವಾದರೆ ಹಿರಿಯರು ಹೇಳಿದ್ದೇ ಎಲ್ಲರ ಅಂಕವಾಗುತ್ತದೆ.

ಶಾಖಾಲೆಕ್ಕ:
ಎಲ್ಲರಿಗೂ ಧನ್ಯವಾದ. ಎಚ್‌ಆರ್ ಪದ್ಧತಿಗೂ ಕಂಪನಿಯ ಸಾಧನೆಗೂ ಇರುವ ಸಂಬಂಧ ನೋಡಿದ 1995ರ ಹ್ಯೂಸ್ಲಿಡ್ ಅಧ್ಯಯನದ ಅಂಕಿಗಳನ್ನು ಮಂಡಳಿಗೆ ತೋರಿಸಬಹುದೇ? ಪದ್ಧತಿಗಳನ್ನು ಶಾಖೆಗಳಲ್ಲಿ ಹಂತಹಂತವಾಗಿ ತಂದರೆ ಹೇಗೆ?

ಅಳತೆಗೋಲು:
ಹಿನ್ನೆಲೆಯಾಗಿ ತೋರಿಸಿ, ನಿರೀಕ್ಷಿತ ಲಾಭವಾಗಿ ಬೇಡ. ಸಾವಿರದ ಹತ್ತಿರ ಅಮೆರಿಕನ್ ಕಂಪನಿಗಳಲ್ಲಿ ಪದ್ಧತಿಗಳ ಸೂಚ್ಯಂಕ ಒಂದು ಮಾನಕ ವಿಚಲನೆಯಷ್ಟು (ಕಂಪನಿಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಇರುತ್ತವೆಯೋ ಅಷ್ಟು) ಹೆಚ್ಚಿದ್ದಲ್ಲಿ ಅಟ್ರಿಷನ್ 7.05% ಕಡಿಮೆ, ತಲಾ ಮಾರಾಟ 27,044 ಡಾಲರ್ ಹೆಚ್ಚು ಎಂದು ಅದರಲ್ಲಿದೆ. ಆದರೆ ಅಟ್ರಿಷನ್‌ನ 7.05% ಎಂದರೆ ಇದ್ದ ಪ್ರಮಾಣದಲ್ಲಿ ಅಷ್ಟು ಇಳಿಕೆ. 20% ಇದ್ದದ್ದು 13% ಆಗುವುದಿಲ್ಲ, ಸುಮಾರು 18.6% ಆಗುತ್ತದೆ. ಮಂಡಳಿಯಲ್ಲಿ ತಪ್ಪು ತಿಳಿವಳಿಕೆ ಆಗುವುದು ಇಲ್ಲೇ.

ಹಂತಹಂತವಾಗಿ ತರುವುದು ಒಳ್ಳೆಯ ದಾರಿ. ಗಾತ್ರ ಮತ್ತು ಕಳೆದ ವರ್ಷದ ಅಟ್ರಿಷನ್ ನೋಡಿ 24 ಶಾಖೆಗಳನ್ನು 12 ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಯಾವುದು ಮೊದಲು ಎಂದು ಚೀಟಿ ಎತ್ತಿ. ಉತ್ಸಾಹವಿರುವ ಮ್ಯಾನೇಜರ್‌ಗಳನ್ನು ಆರಿಸಿಕೊಂಡರೆ ಆ ಉತ್ಸಾಹದ ಫಲವೇ ಪದ್ಧತಿಯ ಫಲದಂತೆ ಕಾಣುತ್ತದೆ. ಎರಡನೇ ತಂಡಕ್ಕೆ ಆರು ತಿಂಗಳ ನಂತರದ ದಿನಾಂಕವನ್ನು ಮೊದಲೇ ಲಿಖಿತವಾಗಿ ತಿಳಿಸಿ. ತಮ್ಮನ್ನು ಕೈಬಿಟ್ಟರು ಎಂದು ಅವರು ಬೇಸರಪಟ್ಟು ಕೆಲಸ ಕುಗ್ಗಿದರೆ ಮೊದಲ ತಂಡ ಸುಮ್ಮನೆ ಮುಂದಿದ್ದಂತೆ ತೋರುತ್ತದೆ. ಆ ಆರು ತಿಂಗಳು ಎರಡೂ ಕಡೆ ಶಾಖಾ ಮ್ಯಾನೇಜರ್‌ಗಳ ವರ್ಗಾವಣೆ ನಿಲ್ಲಿಸಿ. ನಿಲ್ಲಿಸಲಾಗದಿದ್ದರೆ ಯಾವ ಶಾಖೆ, ಯಾವ ತಿಂಗಳು ಎಂದು ಬರೆದಿಟ್ಟುಕೊಂಡು ಆ ಜೋಡಿಯ ಲೆಕ್ಕವನ್ನು ಬೇರೆಯಾಗಿಯೇ ತೋರಿಸಿ.