ಪದಚರ್ಚೆ: ಬ್ರೌಸರಿನ ‘ಲಾಕ್’ಗೆ ಬೀಗವೋ, ಅಗಳಿಯೋ?

ಆತ್ಮೀಯರೇ,

ಕಂಪ್ಯೂಟರಿನಲ್ಲಿ ಸ್ಥಾಪಿಸಿದ ಬ್ರೌಸರ್, ಅಂದರೆ ಜಾಲತಾಣ ನೋಡುವ ತಂತ್ರಾಂಶ, ಸರಿಯಾಗಿ ತೆರೆಯದಿದ್ದರೆ ಏನು ಮಾಡಬೇಕು ಎಂದು ಶಿರಸಿ ಸೀಮೆಯ ಹಿರಿಯರಿಗಾಗಿ ನಾಲ್ಕು ಪುಟದ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಮೂರು ಪುಟ ಸಲೀಸಾಗಿ ಬಂದವು. ನಾಲ್ಕನೆಯದರಲ್ಲಿ ‘ಲಾಕ್’ ಎಂಬ ಒಂದು ಪದ ನನ್ನನ್ನು ತಡೆದು ನಿಲ್ಲಿಸಿದೆ.

ಫೈರ್‌ಫಾಕ್ಸ್ ಎಂಬ ಬ್ರೌಸರ್ ನಮ್ಮ ಪುಟಗುರುತು (ಬುಕ್‌ಮಾರ್ಕ್), ಪಾಸ್‌ವರ್ಡ್, ನೋಡಿದ ತಾಣಗಳ ಪಟ್ಟಿ ಎಲ್ಲವನ್ನೂ ಪ್ರೊಫೈಲ್ ಎಂಬ ಫೋಲ್ಡರಿನಲ್ಲಿ ಇಡುತ್ತದೆ. ಒಂದೇ ಪ್ರೊಫೈಲಿಗೆ ಎರಡು ಕಡೆಯಿಂದ ಬರೆಯಲು ಬಿಟ್ಟರೆ ಅದು ಕೆಡುತ್ತದೆ. ಹಾಗಾಗದಂತೆ, ಓಡುತ್ತಿರುವ ಬ್ರೌಸರ್ ಅಲ್ಲಿಯ ಒಂದು ಕಡತವನ್ನು ಹಿಡಿದುಕೊಂಡಿರುತ್ತದೆ. ವಿಂಡೋಸ್‌ನಲ್ಲಿ ಅದರ ಹೆಸರು ಪೇರೆಂಟ್.ಲಾಕ್. ಹಳೆಯ ಬ್ರೌಸರಿನ ಕಿಟಕಿ ಮುಚ್ಚಿದ್ದರೂ ಹಿನ್ನೆಲೆಯಲ್ಲಿ ಅದು ಓಡುತ್ತಲೇ ಉಳಿದಿದ್ದರೆ, ಹೊಸದನ್ನು ತೆರೆಯಲು ಹೋದಾಗ ‘ಈಗಾಗಲೇ ಚಾಲನೆಯಲ್ಲಿದೆ, ಆದರೆ ಪ್ರತಿಕ್ರಿಯಿಸುತ್ತಿಲ್ಲ’ ಎಂಬರ್ಥದ ಸಂದೇಶ ಬರುತ್ತದೆ. 2019ರಲ್ಲಿ ಬಂದ 67ನೆಯ ಆವೃತ್ತಿಯಿಂದ ಈಚೆಗೆ, ಬೇರೆ ಜಾಗದಲ್ಲಿ ಸ್ಥಾಪಿಸಿದ ಪ್ರತಿಗೆ ಬೇರೆಯದೇ ಪ್ರೊಫೈಲ್ ಸಿಗುತ್ತದೆ. ಆದ್ದರಿಂದ ಹಳೆಯದರ ಮೇಲೆಯೇ ಹೊಸದನ್ನು ಸ್ಥಾಪಿಸಿದವರನ್ನೇ ನಾನು ಇಲ್ಲಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಈ ಲಾಕ್ ಅನ್ನು ಮೊದಲ ಕರಡಿನಲ್ಲಿ ‘ಬೀಗ’ ಎಂದೇ ಬರೆದಿದ್ದೆ. ಹೊನ್ನಾವರದಲ್ಲಿರುವ ನಮ್ಮ ದೊಡ್ಡಾಯಿಗೆ ಫೋನಿನಲ್ಲಿ ಅದನ್ನು ಓದಿ ಹೇಳಿದೆ. ‘ಪ್ರೊಫೈಲಿಗೆ ಬೀಗ ಬಿದ್ದಿದೆ’ ಎಂಬ ವಾಕ್ಯಕ್ಕೆ ಬಂದೊಡನೆ ಅವರು ಗಾಬರಿಯಾದರು.

“ಬೀಗ ಹಾಕಿದವರು ಯಾರು ತಮಾ? ನನ್ನ ಬ್ಯಾಂಕಿನ ಲೆಕ್ಕವೂ ಅದರೊಳಗೇ ಇದೆಯಲ್ಲ. ಕೀಲಿಕೈ ಎಲ್ಲಿ ಸಿಗುತ್ತದೆ?”

ಪಾಸ್‌ವರ್ಡುಗಳನ್ನು ಬರೆದಿಟ್ಟ ಪುಸ್ತಕವನ್ನು ಹುಡುಕಲು ಎದ್ದೇ ಬಿಟ್ಟಿದ್ದರು. ಅವರ ತಪ್ಪೇನೂ ಇಲ್ಲ. ಕನ್ನಡದಲ್ಲಿ ಮನೆಗೆ ಬೀಗ ಹಾಕಿದೆ ಎಂದರೆ ಒಳಗೆ ಯಾರೂ ಇಲ್ಲ, ಕೀಲಿಕೈ ಬೇರೆ ಯಾರದೋ ಕೈಯಲ್ಲಿದೆ ಎಂದೇ ಅರ್ಥ. ಇಲ್ಲಿ ನಡೆದಿರುವುದು ಅದಕ್ಕೆ ತೀರಾ ತದ್ವಿರುದ್ಧ. ಒಳಗೆ ಒಬ್ಬರು ಇದ್ದಾರೆ, ಆದ್ದರಿಂದಲೇ ಬಾಗಿಲು ತೆರೆಯುತ್ತಿಲ್ಲ. ಇದಕ್ಕೆ ಕೀಲಿಕೈ ಎಂಬುದೇ ಇಲ್ಲ.

ಆಗ ನೆನಪಾದದ್ದು ಅಜ್ಜನ ಮನೆಯ ಅಗಳಿ. ಹೆಬ್ಬಾಗಿಲ ಹಿಂದೆ, ಗೋಡೆಯೊಳಗಿನ ಗೂಡಿನಿಂದ ಎಳೆದು ಆಚೆ ಬದಿಯ ಗೂಡಿಗೆ ಸೇರಿಸುವ ಹಲಸಿನ ಮರದ ತೊಲೆ ಅದು. ಕೈ ತಾಗಿ ತಾಗಿ ನಡುಭಾಗ ನುಣುಪಾಗಿತ್ತು. ಆಷಾಢದ ಮಳೆಗೆ ಮರ ಉಬ್ಬಿದರೆ ಅಂಗೈಯಿಂದ ಗುದ್ದಿಯೇ ಸರಿಸಬೇಕಿತ್ತು. ಅದಕ್ಕೆ ಹೊರಗಿನಿಂದ ಹಾಕುವ ಉಪಾಯವೂ ಇಲ್ಲ, ತೆಗೆಯುವ ಉಪಾಯವೂ ಇಲ್ಲ. ಮಧ್ಯಾಹ್ನ ಅಜ್ಜಿ ಅಗಳಿ ಹಾಕಿ ಮಲಗಿದ್ದರೆ ನಾವು ಕೊಟ್ಟಿಗೆಯ ಕಡೆಯಿಂದ ಹೋಗಿ ಕೂಗಿ ಎಬ್ಬಿಸುತ್ತಿದ್ದೆವು.

ಪೇರೆಂಟ್.ಲಾಕ್ ಮಾಡುವುದೂ ಇದನ್ನೇ. ಅದರಲ್ಲಿ ಓದುವಂಥದ್ದು ಏನೂ ಇರುವುದಿಲ್ಲ. ಒಳಗಿನ ಬ್ರೌಸರ್ ಹಿಡಿದುಕೊಂಡಿರುವಷ್ಟು ಹೊತ್ತು ಅದನ್ನು ಅಳಿಸಲು ವಿಂಡೋಸ್ ಬಿಡುವುದಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಓಡುತ್ತಿರುವ ತಂತ್ರಾಂಶಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರಿನಲ್ಲಿ ಫೈರ್‌ಫಾಕ್ಸ್ ಎಂದಿರುವುದನ್ನೆಲ್ಲ ಕೊನೆಗೊಳಿಸಿದರೆ ಹಿಡಿತ ಸಡಿಲುತ್ತದೆ. ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರೂ ಆದೀತು. ಸಾಮಾನ್ಯವಾಗಿ ಇಷ್ಟೇ ಸಾಕು. ಆಮೇಲೂ ಅದೇ ಸಂದೇಶ ಬಂದರೆ ಮಾತ್ರ ಆ ಒಂದು ಕಡತವನ್ನು ಅಳಿಸಬೇಕು, ಫೋಲ್ಡರಿನಲ್ಲಿ ಬೇರೆ ಯಾವುದನ್ನೂ ಮುಟ್ಟಬಾರದು. ಈ ಕೊನೆಯ ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ, ಏಕೆಂದರೆ ಪುಟಗುರುತು, ಪಾಸ್‌ವರ್ಡ್ ಎಲ್ಲ ಇರುವುದು ಅದೇ ಫೋಲ್ಡರಿನಲ್ಲಿ.

ಮರುದಿನ ದೊಡ್ಡಾಯಿಗೆ ತಿದ್ದಿದ ವಾಕ್ಯವನ್ನು ಓದಿದೆ: ‘ಹಳೆಯ ಬ್ರೌಸರ್ ಒಳಗಿನಿಂದ ಅಗಳಿ ಹಾಕಿಕೊಂಡಿದೆ, ಕರೆದರೆ ಓಗೊಡುತ್ತಿಲ್ಲ.’ “ಹಾಗಾದರೆ ಮೊದಲು ಅದನ್ನು ಎಬ್ಬಿಸಬೇಕು” ಎಂದರು. ಟಾಸ್ಕ್ ಮ್ಯಾನೇಜರ್ ಏತಕ್ಕೆ ಎಂದು ಮತ್ತೆ ವಿವರಿಸುವ ಅಗತ್ಯ ಬೀಳಲಿಲ್ಲ. ಪ್ರತಿಕ್ರಿಯಿಸು ಎಂಬುದರ ಜಾಗದಲ್ಲಿ ಓಗೊಡು ಎಂಬುದನ್ನು ತಂದದ್ದು ಕೂಡ ಇಲ್ಲಿ ಕೆಲಸ ಮಾಡಿದೆ ಎಂದು ನನಗೆ ಅನ್ನಿಸುತ್ತದೆ. ಕರೆದವರಿಗೆ ‘ಓ’ ಎನ್ನುವುದು ಎಲ್ಲರಿಗೂ ಗೊತ್ತಿರುವ ಸಂಗತಿಯಲ್ಲವೇ?

ಮೊಬೈಲಿನ ಪರದೆಯ ಲಾಕ್‌ಗೆ ಬೀಗ ಎಂದರೆ ನನ್ನ ತಕರಾರಿಲ್ಲ, ಅದನ್ನು ತೆರೆಯುವ ಕೀಲಿಕೈ ನಮ್ಮಲ್ಲೇ ಇರುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದವೆಂದು ನಾವೂ ಒಂದರಲ್ಲೇ ಮುಗಿಸಬೇಕಾಗಿಲ್ಲ. ಕಾರವಾರದ ಗೆಳೆಯರೊಬ್ಬರು ‘ಚಿಲಕ ಎಂದರೆ ಸಾಕು, ಈಗಿನವರಿಗೆ ಅಗಳಿ ತಿಳಿಯದು’ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ ಚಿಲಕವನ್ನು ಬಾಗಿಲ ಹೊರಗೂ ಇಡುತ್ತೇವೆ, ಒಳಗೂ ಇಡುತ್ತೇವೆ. ಒಳಗೊಬ್ಬರು ಇದ್ದಾರೆ ಎಂಬ ಖಾತರಿಯನ್ನು ಆ ಪದ ಕೊಡುವುದಿಲ್ಲ, ನನಗೆ ಬೇಕಾದದ್ದು ಆ ಖಾತರಿಯೇ.

ಅಗಳಿ ಕೇವಲ ನಮ್ಮ ಘಟ್ಟದ ಪದವಾಗಿ ಕೇಳಿಸೀತೇ ಎಂಬ ಅಳುಕೂ ಇದೆ. ಅಗುಳಿ ಎಂಬ ರೂಪವನ್ನು ಕೇಳಿದ್ದೇನೆ. ಸಂಸ್ಕೃತದ ಅರ್ಗಲಕ್ಕೂ ಇದೇ ಅರ್ಥ. ನವರಾತ್ರಿಯಲ್ಲಿ ಸಪ್ತಶತಿಯ ಜೊತೆಗೆ ಅರ್ಗಲಾ ಸ್ತೋತ್ರವನ್ನು ಪಠಿಸುವವರಿಗೆ ಆ ಪದ ಹೊಸದಲ್ಲ.

ಹೀಗಾಗಿ ಕೇಳುತ್ತಿದ್ದೇನೆ. ಮೈಸೂರು, ತುಮಕೂರು, ಧಾರವಾಡ, ಕಲಬುರಗಿ ಕಡೆಯವರು ಒಳಗಿನಿಂದ ಮಾತ್ರ ಹಾಕಲು ಬರುವ ಈ ಅಡ್ಡತೊಲೆಗೆ ಏನೆನ್ನುತ್ತೀರಿ? ‘ಬ್ರೌಸರ್ ಅಗಳಿ ಹಾಕಿಕೊಂಡಿದೆ’ ಎಂದು ಓದಿದರೆ ನಿಮ್ಮ ಮನೆಯ ಹಿರಿಯರಿಗೆ ಥಟ್ಟನೆ ಅರ್ಥವಾದೀತೇ? ದಯವಿಟ್ಟು ಅವರನ್ನೇ ಕೇಳಿ, ಅವರು ಹೇಳಿದ ಪದವನ್ನು ಹೇಳಿದಂತೆಯೇ ಬರೆದು ತಿಳಿಸಿ.